ಯುದ್ಧಕಾಲದ ಸಿನಿಮಾ ಮತ್ತು ಜನಾಂಗೀಯ ಚಿತ್ರಣ

ಎದುರಾಳಿಯನ್ನು ಒಂದು ಸರ್ಕಾರ ಅಥವಾ ಸೈನ್ಯ ಎಂದು ನೋಡಗೊಡದೆ, ಹುಟ್ಟಿನಿಂದಲೇ ಕ್ರೂರವೂ ಕಪಟವೂ ಆದ ಜನಾಂಗವೆಂದು ನಂಬಿಸುವ ಚಿತ್ರಣ. ಪೋಸ್ಟರು, ವ್ಯಂಗ್ಯಚಿತ್ರ, ರೇಡಿಯೊ, ಶಾಲೆಯ ಪಠ್ಯ ಎಲ್ಲದರಲ್ಲೂ ಇದು ಕಾಣಿಸಿಕೊಂಡಿದೆ. ಇಪ್ಪತ್ತನೆಯ ಶತಮಾನದಲ್ಲಿ ಇದನ್ನು ಹೊತ್ತು ಬಹಳ ದೂರ ನಡೆದದ್ದು ಸಿನಿಮಾ. ಯುದ್ಧ ಮುಗಿದ ಮೇಲೆ ಪೋಸ್ಟರನ್ನು ಗೋಡೆಯಿಂದ ಕೀಳುತ್ತಾರೆ. ಚಿತ್ರವಾದರೋ ಟೆಲಿವಿಷನ್ನಿಗೆ, ಕ್ಯಾಸೆಟ್ಟಿಗೆ, ಮೊಬೈಲಿಗೆ ದಾಟಿಕೊಂಡು ಮೊಮ್ಮಕ್ಕಳಿಗೂ ನೆಚ್ಚಿನದಾಗಿ ಉಳಿಯುತ್ತದೆ. ಆದ್ದರಿಂದ ಈ ವಿಷಯದ ಚರ್ಚೆ ಸರ್ಕಾರಿ ಪ್ರಚಾರಚಿತ್ರಗಳ ಮಟ್ಟಿಗೆ ನಿಲ್ಲುವಂತಿಲ್ಲ. ಬಹಿರಂಗವಾಗಿ ದ್ವೇಷ ಕಾರುವ ಚಿತ್ರವನ್ನು ಗುರುತಿಸಲು ಯಾರ ನೆರವೂ ಬೇಡ. ಚೆನ್ನಾಗಿ ಕಟ್ಟಿದ, ಮೈಮರೆಸುವ ಚಿತ್ರದಲ್ಲಿ ಅದು ಸಂಭಾಷಣೆಯ ಹೊರಗೆ ಕೂತಿರುತ್ತದೆ: ಯಾರಿಗೆ ಹೆಸರಿದೆ, ಯಾರ ಮುಖ ಹತ್ತಿರದಿಂದ ಕಾಣುತ್ತದೆ, ಯಾರ ಮಾತು ನಮಗೆ ಅರ್ಥವಾಗುತ್ತದೆ, ಯಾರು ಸತ್ತಾಗ ಸಂಗೀತ ಏಳುತ್ತದೆ ಎಂಬಲ್ಲಿ.

ಈ ಲೇಖನದಲ್ಲಿ ಹೆಚ್ಚಿನ ಉದಾಹರಣೆಗಳು 1941–45ರ ಪೆಸಿಫಿಕ್ ಯುದ್ಧದವು. ಆ ಯುದ್ಧವನ್ನು ಅಮೆರಿಕ ಮತ್ತು ಜಪಾನ್ ಎರಡೂ ಜನಾಂಗಗಳ ಸೆಣಸಾಟವೆಂದು ತಮ್ಮ ಪ್ರಜೆಗಳಿಗೆ ತೋರಿಸಿದವು; ಎರಡೂ ದೇಶಗಳಲ್ಲಿ ಅದಕ್ಕೆ ಬೇಕಾದ ದೊಡ್ಡ ಚಿತ್ರೋದ್ಯಮ ಇತ್ತು.

ಹಿನ್ನೆಲೆ

ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೈನ್ಯ ಭರ್ತಿಗಾಗಿ ಹೊರಟ ಪ್ರಸಿದ್ಧ ಪೋಸ್ಟರೊಂದರಲ್ಲಿ ಜರ್ಮನ್ ಶಿರಸ್ತ್ರಾಣ ತೊಟ್ಟ ಗೊರಿಲ್ಲಾ ಒಂದು ಕೈಯಲ್ಲಿ ದೊಣ್ಣೆ, ಇನ್ನೊಂದರಲ್ಲಿ ಅರೆಬೆತ್ತಲೆ ಹೆಣ್ಣನ್ನು ಹಿಡಿದು ಅಮೆರಿಕದ ದಡಕ್ಕೆ ಕಾಲಿಡುತ್ತದೆ. ಆದರೆ ಜರ್ಮನ್ನರು ಬಿಳಿಯರು. ಅವರಿಗೆ ತೊಡಿಸಿದ ಗೊರಿಲ್ಲಾ ವೇಷವನ್ನು ಕಳಚುವುದೂ ಸುಲಭವಾಯಿತು. 1930ರಲ್ಲಿ ಲೂಯಿಸ್ ಮೈಲ್‌ಸ್ಟೋನ್ ನಿರ್ದೇಶಿಸಿದ ‘ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್’ ಚಿತ್ರದಲ್ಲಿ ಅದೇ ಅಮೆರಿಕದ ಪ್ರೇಕ್ಷಕರು ಒಬ್ಬ ಜರ್ಮನ್ ಹುಡುಗನ ಸಾವಿಗೆ ಕಣ್ಣೀರಿಟ್ಟರು. ಚಿತ್ರಕ್ಕೆ ಆಸ್ಕರ್ ಬಂತು. ಈ ಮೈಲ್‌ಸ್ಟೋನ್ ಹೆಸರು ಮುಂದೆ ಮತ್ತೆ ಬರುತ್ತದೆ, ಬೇರೆಯದೇ ಕಾರಣಕ್ಕೆ.

ಪೆಸಿಫಿಕ್ ಯುದ್ಧ ಮತ್ತು ಹಾಲಿವುಡ್

1941ರ ಡಿಸೆಂಬರ್ 7ರಂದು ಹವಾಯಿಯ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿಯಾದ ಎರಡೇ ವಾರಕ್ಕೆ ‘ಲೈಫ್’ ಪತ್ರಿಕೆ ಜಪಾನಿಯರಿಂದ ಚೀನೀಯರನ್ನು ಬೇರೆ ಮಾಡಿ ಗುರುತಿಸುವುದು ಹೇಗೆಂದು ಮುಖಗಳ ಫೋಟೊಗಳ ಮೇಲೆ ಗೆರೆ ಎಳೆದು ಪಾಠ ಹೇಳಿತು. ಚೀನ ಆಗ ಮಿತ್ರರಾಷ್ಟ್ರ. ಆದರೂ ಚೀನೀಯರ ವಲಸೆಯನ್ನು 1882ರಿಂದ ತಡೆದಿದ್ದ ಕಾಯಿದೆ ರದ್ದಾದದ್ದು 1943ರ ಡಿಸೆಂಬರಿನಲ್ಲಿ. ರದ್ದಾದ ಮೇಲೆ ಸಿಕ್ಕ ರಿಯಾಯಿತಿ ವರ್ಷಕ್ಕೆ 105 ಜನರಿಗೆ ಪ್ರವೇಶ! ಮೂಗು, ಕೆನ್ನೆಮೂಳೆಗಳನ್ನು ಅಳೆದು ಸ್ನೇಹಿತರನ್ನು ಆರಿಸಿಕೊಳ್ಳುವ ಈ ವಿದ್ಯೆ ಎಷ್ಟು ಪೊಳ್ಳೆಂಬುದು ಹಾಲಿವುಡ್ಡಿನ ನಟರ ಕಥೆಯಲ್ಲಿ ಚೆನ್ನಾಗಿ ಕಾಣುತ್ತದೆ.

1942ರ ಫೆಬ್ರುವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ 9066ನೆಯ ಆದೇಶದ ಬಲದಿಂದ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ, ಅಂಗಡಿ, ತೋಟ ಬಿಡಿಸಿ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ. ಅದೇ ವರ್ಷ ತೆರೆಕಂಡ ‘ಲಿಟ್ಲ್ ಟೋಕಿಯೊ, ಯು.ಎಸ್.ಎ.’ ಎಂಬ ಚಿತ್ರ ಲಾಸ್ ಏಂಜಲೀಸಿನ ಜಪಾನಿ ಪೇಟೆಯನ್ನು ಗೂಢಚಾರರ ಗೂಡೆಂದು ತೋರಿಸಿ, ಈ ಸ್ಥಳಾಂತರಕ್ಕೆ ಸಮರ್ಥನೆ ಒದಗಿಸಿತು. ಅದು ಕಳಪೆ ಚಿತ್ರ, ಇಂದು ಯಾರೂ ನೋಡುವುದಿಲ್ಲ. ಯೋಚಿಸಬೇಕಾದದ್ದು ಹೋವರ್ಡ್ ಹಾಕ್ಸ್‌ನ ‘ಏರ್ ಫೋರ್ಸ್’ (1943) ಬಗ್ಗೆ. ಒಂದು ಬಾಂಬರ್ ವಿಮಾನದ ಸಿಬ್ಬಂದಿ ಒಂದು ಕುಟುಂಬದಂತೆ ಬೆಸೆದುಕೊಳ್ಳುವುದನ್ನು ಅಷ್ಟು ಚೆನ್ನಾಗಿ ಹಿಡಿದ ಚಿತ್ರ ಇನ್ನೊಂದಿಲ್ಲವೆನ್ನಬೇಕು. ಪೈಲಟ್ ಸಾಯುವ ದೃಶ್ಯದ ಮಾತುಗಳನ್ನು ಬರೆದವನು ಕಾದಂಬರಿಕಾರ ವಿಲಿಯಂ ಫಾಕ್ನರ್. ಅದೇ ಚಿತ್ರ, ಹವಾಯಿಯ ಜಪಾನಿ ನಿವಾಸಿಗಳು ದಾಳಿಯ ದಿನ ಒಳಗಿನಿಂದಲೇ ವಿಮಾನಗಳನ್ನು ಹಾಳುಗೆಡವಿದರೆಂದು ಹೇಳುತ್ತದೆ. ಅಂಥದ್ದು ನಡೆಯಲೇ ಇಲ್ಲ. ಪಶ್ಚಿಮ ಕರಾವಳಿಯ ಮಟ್ಟಿಗೂ, ಜಪಾನಿ ಮೂಲದವರಿಂದ ಗೂಢಚರ್ಯೆ ಅಥವಾ ವಿಧ್ವಂಸಕ ಕೃತ್ಯ ನಡೆದದ್ದಕ್ಕೆ ದಾಖಲೆಯೇ ಇಲ್ಲವೆಂದು ಅಮೆರಿಕ ಸಂಸತ್ತು ನೇಮಿಸಿದ ಆಯೋಗ 1983ರಲ್ಲಿ ವರದಿ ಕೊಟ್ಟಿತು. 1988ರ ಕಾಯಿದೆಯಂತೆ ಬದುಕುಳಿದ ಪ್ರತಿಯೊಬ್ಬರಿಗೂ ಕ್ಷಮಾಪಣೆಯೊಂದಿಗೆ 20,000 ಡಾಲರ್ ಪರಿಹಾರ ದೊರೆಯಿತು. ‘ಏರ್ ಫೋರ್ಸ್’ ಚಿತ್ರದ ಆ ದೃಶ್ಯಗಳಿಗೆ ತಿದ್ದುಪಡಿ ಬರಲಿಲ್ಲ, ಬರುವಂಥದೂ ಅಲ್ಲ. ಇವತ್ತು ಅದನ್ನು ನೋಡುವವರಿಗೆ ಸಿಬ್ಬಂದಿಯ ಆತ್ಮೀಯತೆಯೂ ಆ ಸುಳ್ಳೂ ಒಟ್ಟಿಗೇ ಸಿಗುತ್ತವೆ. ಇನ್ನೂ ಹೇಳುವುದಾದರೆ, ಸಿಬ್ಬಂದಿಯನ್ನು ಅಷ್ಟು ಪ್ರೀತಿಸುವಂತೆ ಮಾಡಿದ್ದರಿಂದಲೇ ಸುಳ್ಳು ಸಲೀಸಾಗಿ ಒಳಗಿಳಿಯುತ್ತದೆ.

ಸರ್ಕಾರ ಇದೆಲ್ಲವನ್ನೂ ಬಯಸಿತ್ತೆಂದು ಭಾವಿಸಬೇಕಿಲ್ಲ. 1942ರ ಜೂನ್‌ನಲ್ಲಿ ಹುಟ್ಟಿದ ಯುದ್ಧ ವಾರ್ತಾ ಕಚೇರಿ ಹಾಲಿವುಡ್ಡಿಗೆ ಕೈಪಿಡಿಯನ್ನೇ ಕೊಟ್ಟಿತ್ತು. ಶತ್ರುವೆಂದರೆ ಫ್ಯಾಸಿಸಂ, ಒಂದು ಜನಾಂಗವಲ್ಲ ಎಂಬುದು ಅದರ ನಿಲುವು. ‘ಲಿಟ್ಲ್ ಟೋಕಿಯೊ’ ನೋಡಿ ಆ ಕಚೇರಿಯವರೇ ಗಾಬರಿಬಿದ್ದರು. ಯುರೋಪಿನ ವಿಷಯದಲ್ಲಿ ಈ ಸಲಹೆ ನಡೆಯಿತು. ಫ್ರೆಡ್ ಜಿನ್ನೆಮನ್‌ನ ‘ದ ಸೆವೆಂತ್ ಕ್ರಾಸ್’ (1944) ಚಿತ್ರದಲ್ಲಿ ನಾತ್ಸಿ ಶಿಬಿರದಿಂದ ತಪ್ಪಿಸಿಕೊಂಡ ಕೈದಿಯೂ ಜರ್ಮನ್, ಅವನನ್ನು ಬಚ್ಚಿಡುವ ಸಾಮಾನ್ಯ ಜನರೂ ಜರ್ಮನ್ನರು. ಜಪಾನಿಯರಿಗೆ ಅಂಥ ಚಿತ್ರವೇ ಇಲ್ಲವೆನ್ನುವಷ್ಟು ಕಡಿಮೆ. ಒಳ್ಳೆಯ ಜರ್ಮನ್ ಇರಬಹುದು, ಒಳ್ಳೆಯ ಜಪಾನಿ ಇರಲಾರ ಎಂಬ ಈ ವ್ಯತ್ಯಾಸವನ್ನು ಇತಿಹಾಸಕಾರ ಜಾನ್ ಡವರ್ ‘ವಾರ್ ವಿಥೌಟ್ ಮರ್ಸಿ’ (1986) ಗ್ರಂಥದಲ್ಲಿ ಪತ್ರಿಕೆ, ಹಾಡು, ವ್ಯಂಗ್ಯಚಿತ್ರ, ಸೈನಿಕ ಕಡತಗಳ ರಾಶಿಯ ಮೂಲಕ ತೋರಿಸಿದ. ಯುರೋಪಿನ ರಣರಂಗದಿಂದ 1945ರಲ್ಲಿ ಪೆಸಿಫಿಕ್‌ಗೆ ಬಂದ ವರದಿಗಾರ ಎರ್ನಿ ಪೈಲ್ ಕೂಡ, ಇಲ್ಲಿ ಶತ್ರುವನ್ನು ಜನ ಮನುಷ್ಯನೆಂದಲ್ಲ, ಜಿರಲೆ ಇಲಿಗಳಂತೆ ಕಾಣುತ್ತಾರೆಂದು ಬರೆದಿದ್ದ.

‘ಬಟಾನ್’ (1943) ಇನ್ನೊಂದು ಬಗೆಯ ಇಕ್ಕಟ್ಟನ್ನು ತೋರಿಸುತ್ತದೆ. ಫಿಲಿಪ್ಪೀನ್ಸಿನಲ್ಲಿ ಒಂದು ಸೇತುವೆ ಕಾಯಲು ಉಳಿದ 13 ಜನರ ತುಕಡಿಯಲ್ಲಿ ಯೆಹೂದಿ, ಲ್ಯಾಟಿನ್ ಅಮೆರಿಕನ್, ಫಿಲಿಪ್ಪಿನೊ, ಕರಿಯ ಸೈನಿಕ ಎಲ್ಲರೂ ಇದ್ದಾರೆ. ಆಗಿನ ಅಮೆರಿಕದ ಸೈನ್ಯದಲ್ಲಿ ಕರಿಯರದು ಬೇರೆಯೇ ದಳ. ಆ ಭೇದವನ್ನು ತೆಗೆದ ಅಧ್ಯಕ್ಷ ಟ್ರೂಮನ್ ಆದೇಶ ಬಂದದ್ದು 1948ರ ಜುಲೈನಲ್ಲಿ. ಅಂದರೆ ತನ್ನ ದೇಶದ ಮಟ್ಟಿಗೆ ಚಿತ್ರ ಕಾಲಕ್ಕಿಂತ ಐದು ವರ್ಷ ಮುಂದಿತ್ತು. ಆದರೆ ಬೇರೆ ಬೇರೆ ಬಣ್ಣದ ಈ ಹದಿಮೂರು ಜನರನ್ನು ಒಂದು ಮಾಡುವ ಸೂತ್ರವೆಂದರೆ, ಎದುರಿಗೆ ಮಂಜಿನಲ್ಲಿ ತೆವಳುತ್ತ ಬರುವ ಮುಖವಿಲ್ಲದ ಗುಂಪು. ಒಳಗಿನ ಭೇದವನ್ನು ಅಳಿಸಲು ಹೊರಗಿನ ಭೇದ ಗಾಢವಾಗಬೇಕಾಯಿತು. ಆಮೇಲಿನ ಯುದ್ಧಚಿತ್ರಗಳಿಗೆ ಈ ಮಾದರಿ ಅಚ್ಚಾಗಿಬಿಟ್ಟಿತು. ವಿಯೆಟ್ನಾಂ, ಸೊಮಾಲಿಯ, ಇರಾಕ್ ಎಲ್ಲಿಯ ಕಥೆಯಾದರೂ ತುಕಡಿಯ ಹುಡುಗರಿಗೆ ಊರು, ತಾಯಿ, ಪ್ರೇಯಸಿ ಇರುತ್ತಾರೆ. ಆಚೆಯವರಿಗೆ ಗುರಿಹಲಗೆಯ ಕೆಲಸ.

ಮೈಲ್‌ಸ್ಟೋನ್ 1944ರಲ್ಲಿ ‘ದ ಪರ್ಪಲ್ ಹಾರ್ಟ್’ ಮಾಡಿದ. ಜಪಾನಿನ ಮೇಲೆ ಬಾಂಬು ಹಾಕಿ ಸೆರೆಸಿಕ್ಕ ಅಮೆರಿಕನ್ ವಾಯುಸೈನಿಕರ ವಿಚಾರಣೆಯ ಕಥೆ. ಇದರ ಹಿಂದೆ ನಿಜವಾದ ಘಟನೆಯಿದೆ: 1942ರ ಏಪ್ರಿಲಿನ ಡೂಲಿಟ್ಲ್ ದಾಳಿಯಲ್ಲಿ ಸಿಕ್ಕಿಬಿದ್ದವರಲ್ಲಿ ಮೂವರನ್ನು ಜಪಾನಿ ಸೈನ್ಯ ಅದೇ ವರ್ಷದ ಅಕ್ಟೋಬರಿನಲ್ಲಿ ಗುಂಡಿಟ್ಟು ಕೊಂದಿತ್ತು. ಈ ವಿಷಯದಲ್ಲಿ ಓದುಗರು ಎಡವುವ ಜಾಗ ಇದೇ. ಚೀನದ ನಾನ್‌ಜಿಂಗ್‌ನಲ್ಲಿ, ಸೆರೆಯಾಳುಗಳನ್ನು ನಡೆಸಿ ಸಾಯಿಸಿದ ಬಟಾನಿನ ಸಾವಿನ ನಡಿಗೆಯಲ್ಲಿ, ಯುದ್ಧಕೈದಿಗಳ ಶಿಬಿರಗಳಲ್ಲಿ ಜಪಾನಿ ಸೈನ್ಯ ನಡೆಸಿದ ಕ್ರೌರ್ಯ ಕಟ್ಟುಕಥೆಯಲ್ಲ. ಜನಾಂಗೀಯ ಚಿತ್ರಣವನ್ನು ವಿಮರ್ಶಿಸುವುದೆಂದರೆ ಆ ಪಾಪವನ್ನು ತೊಳೆಯುವುದೂ ಅಲ್ಲ. ಜರ್ಮನ್ ಕ್ರೌರ್ಯಕ್ಕೆ ಹಿಟ್ಲರ್, ಪಕ್ಷ, ಸಿದ್ಧಾಂತ ಎಂದು ಕಾರಣ ಹುಡುಕಿದ ಚಿತ್ರಗಳು ಜಪಾನಿ ಕ್ರೌರ್ಯಕ್ಕೆ ರಕ್ತವನ್ನು ಕಾರಣವಾಗಿ ಕೊಟ್ಟವು ಎಂಬುದಷ್ಟೇ ಇಲ್ಲಿನ ಆಕ್ಷೇಪ. ಜರ್ಮನ್ ಹುಡುಗನಿಗಾಗಿ ಅಳಿಸಿದ್ದ ನಿರ್ದೇಶಕನೇ ಈ ಎರಡನೆಯ ಸಾಲಿನಲ್ಲಿ ನಿಂತದ್ದು ವೈಯಕ್ತಿಕ ಹಗೆಯಿಂದ ಆಗಿರಲಾರದು. ಆ ಕಾಲದ ಚಿತ್ರಕಥೆಗೆ ಸಿದ್ಧವಾಗಿ ಸಿಗುತ್ತಿದ್ದ ಸಾಮಗ್ರಿ ಅದೇ ಆಗಿತ್ತು.

ಫ್ರಾಂಕ್ ಕಾಪ್ರಾನ ವಿಷಯವೂ ಹೀಗೆಯೇ. ಸಣ್ಣ ಮನುಷ್ಯನ ಒಳ್ಳೆಯತನವನ್ನು ಅವನಷ್ಟು ನೆಚ್ಚಿದ ನಿರ್ದೇಶಕ ಇನ್ನೊಬ್ಬನಿಲ್ಲ ಎನ್ನುತ್ತಾರೆ. ಸೈನ್ಯಕ್ಕಾಗಿ ಅವನ ಘಟಕ ಮಾಡಿದ ‘ನೋ ಯುವರ್ ಎನಿಮಿ: ಜಪಾನ್’ ಚಿತ್ರ, ಜಪಾನಿ ಸೈನಿಕರೆಲ್ಲ ಒಂದೇ ನೆಗೆಟಿವ್‌ನಿಂದ ತೆಗೆದ ಪ್ರತಿಗಳೆಂದು ಬಣ್ಣಿಸಿತು. ಅದನ್ನು ಮೊದಲು ಕೈಗೆತ್ತಿಕೊಂಡಿದ್ದ ಡಚ್ ಸಾಕ್ಷ್ಯಚಿತ್ರಕಾರ ಯೋರಿಸ್ ಇವೆನ್ಸ್ ಜಪಾನಿ ಜನರನ್ನು ಆಳುವವರಿಂದ ಬೇರ್ಪಡಿಸಿ ನೋಡಲು ಹೋಗಿ ಹೊರಬೀಳಬೇಕಾಯಿತು. ವರ್ಷಗಟ್ಟಲೆ ತಿದ್ದಿ ಮುಗಿಸಿದ ಚಿತ್ರ ಸೈನಿಕರ ಮುಂದೆ ಬಂದದ್ದು 1945ರ ಆಗಸ್ಟ್ 9ರಂದು, ನಾಗಸಾಕಿಯ ಮೇಲೆ ಅಣುಬಾಂಬು ಬಿದ್ದ ದಿನ. ಕೆಲವೇ ವಾರಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಸೋತ ಜಪಾನನ್ನು ಆಳಬೇಕಿದ್ದವರಿಗೆ ಈಗ ಬೇರೆ ಚಿತ್ರ ಬೇಕಿತ್ತು.

ನಟರು

ಜಪಾನಿ ಮೂಲದ ನಟರು ಶಿಬಿರ ಸೇರಿದ ಮೇಲೆ ಜಪಾನಿ ಪಾತ್ರಗಳನ್ನು ಮಾಡಿದವರು ಯಾರು? ಕೆಲವೆಡೆ ಮೇಕಪ್ ಹಚ್ಚಿಕೊಂಡ ಬಿಳಿಯರು. ‘ಬಿಹೈಂಡ್ ದ ರೈಸಿಂಗ್ ಸನ್’ (1943) ಚಿತ್ರದ ಜಪಾನಿ ತಂದೆ ಮಗ ಜೆ. ಕ್ಯಾರಲ್ ನಾಯಿಷ್ ಮತ್ತು ಟಾಮ್ ನೀಲ್. ಉಳಿದಂತೆ ಚೀನೀ ಮತ್ತು ಕೊರಿಯನ್ ಮೂಲದವರು. ಹವಾಯಿಯಲ್ಲಿ ಹುಟ್ಟಿದ ಚೀನೀ ಮೂಲದ ರಿಚರ್ಡ್ ಲೂ ಹಲವು ಚಿತ್ರಗಳಲ್ಲಿ ಖಳ ಜಪಾನಿ ಅಧಿಕಾರಿಯಾದ. ಫಿಲಿಪ್ ಆನ್ ಎಂಬ ನಟನ ತಂದೆ ಆನ್ ಚಾಂಗ್ ಹೋ ಕೊರಿಯದ ಸ್ವಾತಂತ್ರ್ಯ ಹೋರಾಟದ ನಾಯಕ. ಜಪಾನಿ ಆಡಳಿತದ ಸೆರೆಮನೆ ಕಂಡು ಜರ್ಝರಿತನಾಗಿ 1938ರಲ್ಲಿ ತೀರಿಕೊಂಡ. ಮಗ ತೆರೆಯ ಮೇಲೆ ಅದೇ ಜಪಾನಿ ಅಧಿಕಾರಿಗಳ ವೇಷ ಹಾಕಿದ. ‘ಲೈಫ್’ ಪತ್ರಿಕೆ ಎಳೆದ ಗೆರೆಗಳನ್ನು ಯಾವ ಪ್ರೇಕ್ಷಕನೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಯುದ್ಧಾನಂತರ ಜಪಾನ್ ಮಿತ್ರನಾಯಿತು, ಚೀನ ಶತ್ರುವಾಯಿತು. ಸ್ಯಾಮ್ಯುಯೆಲ್ ಫುಲ್ಲರ್‌ನ ಕೊರಿಯ ಯುದ್ಧದ ಚಿತ್ರ ‘ದ ಸ್ಟೀಲ್ ಹೆಲ್ಮೆಟ್’ (1951) ಬಂದಾಗ ರಿಚರ್ಡ್ ಲೂ ಅಮೆರಿಕದ ಸಮವಸ್ತ್ರ ತೊಟ್ಟ ಜಪಾನಿ ಮೂಲದ ಸಾರ್ಜೆಂಟ್ ತನಾಕ! ಸೆರೆಸಿಕ್ಕ ಉತ್ತರ ಕೊರಿಯದ ಅಧಿಕಾರಿಯೊಬ್ಬ, ನಿಮ್ಮವರನ್ನು ಶಿಬಿರಕ್ಕೆ ತಳ್ಳಿದ ದೇಶಕ್ಕಾಗಿ ಏಕೆ ಹೋರಾಡುತ್ತೀಯೆಂದು ತನಾಕನನ್ನು ಕೆಣಕುತ್ತಾನೆ. ಒಂಬತ್ತು ವರ್ಷ ಹಾಲಿವುಡ್ ಬಾಯಿಬಿಟ್ಟು ಹೇಳದಿದ್ದ ಮಾತನ್ನು ಕಡಿಮೆ ಬಜೆಟ್ಟಿನ ಚಿತ್ರವೊಂದು ಶತ್ರುವಿನ ಬಾಯಿಂದ ಹೇಳಿಸಿತು.

ಜಪಾನಿನ ಕಡೆ

1939ರ ಚಲನಚಿತ್ರ ಕಾಯಿದೆಯ ನಂತರ ಜಪಾನಿನಲ್ಲಿ ಚಿತ್ರಕಥೆಯೇ ಮೊದಲು ಸರ್ಕಾರದ ಕಣ್ಣಿನ ಕೆಳಗೆ ಹಾಯಬೇಕಿತ್ತು. ಅಲ್ಲಿನ ಪ್ರಚಾರದಲ್ಲಿ ಅಮೆರಿಕನ್ನರು, ಬ್ರಿಟಿಷರು ರಾಕ್ಷಸರು. ಕುರೊಸಾವನಂಥ ದೊಡ್ಡ ನಿರ್ದೇಶಕ ಕೂಡ ‘ಸನ್‌ಶಿರೊ ಸುಗಾತ’ದ ಎರಡನೆಯ ಭಾಗದಲ್ಲಿ (1945) ಒಬ್ಬ ಅಮೆರಿಕನ್ ಬಾಕ್ಸರನನ್ನು ತಂದು ಜೂಡೊ ವೀರನ ಕೈಯಲ್ಲಿ ಸೋಲಿಸಿದ. ಮುಂದೆ ಅವನು ಮಾಡಿದ ‘ರಾಶೊಮೊನ್’ನ ಅಭಿಮಾನಿಗಳು ಈ ಚಿತ್ರದ ಹೆಸರೆತ್ತುವುದು ಕಡಿಮೆ.

ಹೆಚ್ಚು ಸ್ವಾರಸ್ಯದ್ದು 1945ರ ಏಪ್ರಿಲಿನಲ್ಲಿ ಬಿಡುಗಡೆಯಾದ ‘ಮೊಮೊತಾರೊ: ಸಮುದ್ರದ ದಿವ್ಯ ಯೋಧರು’. ಮಿತ್ಸುಯೊ ಸೆಒ ನಿರ್ದೇಶನದ ಇದು ಜಪಾನಿನ ಮೊದಲ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರ. ಪೀಚ್ ಹಣ್ಣಿನಿಂದ ಹುಟ್ಟಿ ರಾಕ್ಷಸರ ದ್ವೀಪ ಗೆದ್ದ ಜಾನಪದ ಬಾಲಕ ಮೊಮೊತಾರೊ ಇಲ್ಲಿ ಸೇನಾನಿ. ಕೋತಿ, ನಾಯಿ, ಕರಡಿಗಳು ಅವನ ಯೋಧರು. ಶರಣಾಗುವ ಬ್ರಿಟಿಷ್ ಅಧಿಕಾರಿಗಳು ಕೊಂಬಿನ ರಾಕ್ಷಸರು. ಬಿಳಿಯರ ಮೇಲಿನ ದ್ವೇಷಕ್ಕಿಂತ ಗಮನಿಸಬೇಕಾದದ್ದು ಇನ್ನೊಂದು ಭಾಗ. ‘ವಿಮೋಚನೆ’ಗೊಂಡ ದಕ್ಷಿಣ ದ್ವೀಪದ ನಿವಾಸಿಗಳು ಆನೆ, ಕಾಂಗರೂ ಮುಂತಾದ ಕಾಡುಪ್ರಾಣಿಗಳು, ಅವಕ್ಕೆ ಜಪಾನಿ ಅಕ್ಷರಮಾಲೆಯನ್ನು ಹಾಡಿನ ಮೂಲಕ ಕಲಿಸುತ್ತಾರೆ. ಏಷ್ಯಾವನ್ನು ಬಿಡಿಸುತ್ತೇವೆಂದು ಹೊರಟ ಸಾಮ್ರಾಜ್ಯ ಏಷ್ಯಾದವರನ್ನು ಯಾವ ಮೆಟ್ಟಿಲ ಮೇಲೆ ಕೂರಿಸಿತ್ತು ಎಂಬುದು ಆ ಮುದ್ದಾದ ಹಾಡಿನಲ್ಲಿ ಬಯಲಾಗುತ್ತದೆ. ಒಸಾಕದ ಚಿತ್ರಮಂದಿರದಲ್ಲಿ ಇದನ್ನು ನೋಡಿ ಕಣ್ಣೀರಿಟ್ಟ ಹುಡುಗ ಒಸಾಮು ತೆಜುಕ ಮುಂದೆ ಜಪಾನಿ ಕಾಮಿಕ್ಸಿನ ಪಿತಾಮಹನಾದ. ತನ್ನ ಬಿಳಿ ಸಿಂಹದ ಕಥೆಯಲ್ಲಿ ಪ್ರಾಣಿಗಳ ಅಕ್ಷರಪಾಠದ ಹಾಡನ್ನು ನೆನೆದು ಮರುಸೃಷ್ಟಿಸಿದ. ಪ್ರಚಾರಚಿತ್ರದಿಂದ ಅವನು ಎತ್ತಿಕೊಂಡದ್ದು ಕನಸನ್ನು. ಕಳೆದೇಹೋಯಿತೆಂದುಕೊಂಡಿದ್ದ ಚಿತ್ರದ ನೆಗೆಟಿವ್ 1980ರ ದಶಕದಲ್ಲಿ ಗೋದಾಮಿನಲ್ಲಿ ಸಿಕ್ಕಿತು. ಪುನರುಜ್ಜೀವನಗೊಂಡ ಪ್ರತಿ 2016ರಲ್ಲಿ ಕಾನ್ ಉತ್ಸವದಲ್ಲಿ ತೆರೆಕಂಡಿತು.

ನೆಚ್ಚಿನ ಚಿತ್ರಗಳನ್ನು ಮತ್ತೆ ನೋಡುವಾಗ

‘ಕಾಸಾಬ್ಲಾಂಕಾ’ (1942) ಯಾರನ್ನೂ ಹೀಗಳೆಯುವುದಿಲ್ಲ. ನಾತ್ಸಿ ಮೇಜರನ ಪಾತ್ರ ಮಾಡಿದ ಕಾನ್ರಾಡ್ ವೈಟ್ ಸ್ವತಃ ನಾತ್ಸಿಗಳಿಂದ ತಪ್ಪಿಸಿಕೊಂಡು ಬಂದ ಜರ್ಮನ್. ತಾರಾಗಣದಲ್ಲಿ ಅಂಥ ನಿರಾಶ್ರಿತರು ಹಲವರಿದ್ದರು. ಹೋಟೆಲಿನಲ್ಲಿ ಜರ್ಮನ್ನರ ಹಾಡನ್ನು ಅಡಗಿಸಿ ಫ್ರೆಂಚ್ ರಾಷ್ಟ್ರಗೀತೆ ಏಳುವ ದೃಶ್ಯಕ್ಕೆ ಮೈ ನವಿರೇಳದವರಿಲ್ಲ. ಆದರೆ ಕಥೆ ನಡೆಯುವ ಊರು ಮೊರಾಕೊದ್ದು. ಮೊರಾಕೊ ಆಗ ಫ್ರಾನ್ಸಿನ ಹಿಡಿತದಲ್ಲಿತ್ತು. ಸ್ವಾತಂತ್ರ್ಯದ ಗೀತೆಯಾಗಿ ಅಲ್ಲಿ ಮೊಳಗುವುದು ಆಳುವವರ ಗೀತೆ. ಊರಿನ ಮಕ್ಕಳು ಬಾಗಿಲು ಕಾಯುತ್ತ, ಸಂತೆಯಲ್ಲಿ ಸರಕು ಮಾರುತ್ತ ಹಿನ್ನೆಲೆಯಲ್ಲಿ ಸರಿದುಹೋಗುತ್ತಾರೆ. ಚಿತ್ರ ಬಂದ ಮರುವರ್ಷ ಕಳೆದು, 1944ರ ಜನವರಿ 11ರಂದು ಅಲ್ಲಿನ ರಾಷ್ಟ್ರೀಯವಾದಿಗಳು ಸ್ವಾತಂತ್ರ್ಯದ ಪ್ರಣಾಳಿಕೆ ಹೊರಡಿಸಿದರು. ಸ್ವಾತಂತ್ರ್ಯ ಸಿಕ್ಕಿದ್ದು 1956ರಲ್ಲಿ. ಇದನ್ನು ತಿಳಿದ ಮೇಲೂ ಆ ದೃಶ್ಯಕ್ಕೆ ಮೈ ನವಿರೇಳುತ್ತದೆ. ತಿಳಿವಳಿಕೆ ಬಂದೊಡನೆ ಪ್ರೀತಿ ಹೋಗಬೇಕೆಂದು ನಿರೀಕ್ಷಿಸುವವರು ಸಿನಿಮಾ ಹೇಗೆ ಕೆಲಸ ಮಾಡುತ್ತದೆಂದು ಬಲ್ಲವರಲ್ಲ.

ಡೇವಿಡ್ ಲೀನ್‌ನ ‘ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್’ (1957) ಏಳು ಆಸ್ಕರ್ ಗೆದ್ದ ಚಿತ್ರ. ಜಪಾನಿ ಎಂಜಿನಿಯರುಗಳಿಗೆ ಸೇತುವೆ ಕಟ್ಟಲು ಬರುವುದಿಲ್ಲ, ಕೈದಿಗಳಾದ ಬ್ರಿಟಿಷರು ಬಂದು ತೋರಿಸಿಕೊಡಬೇಕು ಎಂಬುದರ ಮೇಲೆ ಕಥೆ ನಿಂತಿದೆ. ಥಾಯ್ಲೆಂಡ್–ಬರ್ಮಾ ನಡುವೆ 415 ಕಿ.ಮೀ. ಹಳಿಯನ್ನು ಕಾಡು ಬೆಟ್ಟಗಳಲ್ಲಿ ಸುಮಾರು ಒಂದು ವರ್ಷದಲ್ಲಿ ಯೋಜಿಸಿ ಹಾಕಿಸಿದ್ದು ಜಪಾನಿ ಎಂಜಿನಿಯರುಗಳೇ. ಅದಕ್ಕೆ ತೆತ್ತ ಬೆಲೆ ಭೀಕರ: 12,000ಕ್ಕೂ ಹೆಚ್ಚು ಮಿತ್ರಪಕ್ಷದ ಯುದ್ಧಕೈದಿಗಳು ಸತ್ತರು, ಏಷ್ಯಾದ ಕೂಲಿಗಳ ಸಾವು ಸುಮಾರು 90,000ವೆಂದು ಅಂದಾಜು. ಅವರಲ್ಲಿ ಮಲಯದ ರಬ್ಬರ್ ತೋಟಗಳಿಂದ ಹೋದ ತಮಿಳರು ಬಹುಸಂಖ್ಯೆಯಲ್ಲಿದ್ದರು. ಚಿತ್ರದಲ್ಲಿ ಅವರ ಕಥೆಗೆ ಜಾಗವಿಲ್ಲ. ಕಪಟಿಯೆಂದು ತೋರಿಸುವುದು ಒಂದು ಬಗೆ, ತೋರಿಸದೇ ಇರುವುದು ಇನ್ನೊಂದು. ಎರಡನೆಯದಕ್ಕೆ ಪ್ರೇಕ್ಷಕರ ಆಕ್ಷೇಪವೂ ಹುಟ್ಟುವುದಿಲ್ಲ.

ಆ ಚಿತ್ರದಲ್ಲಿ ಬ್ರಿಟಿಷ್ ಕರ್ನಲ್ ಪಾತ್ರ ಮಾಡಿದ ಆಲೆಕ್ ಗಿನ್ನೆಸ್, ಲೀನ್‌ನ ‘ಲಾರೆನ್ಸ್ ಆಫ್ ಅರೇಬಿಯ’ದಲ್ಲಿ (1962) ಬಣ್ಣ ಬಳಿದುಕೊಂಡು ಅರಬ್ ರಾಜಕುಮಾರ ಫೈಸಲ್ ಆದ. ಬೆಂಗಳೂರು, ಸಾವನದುರ್ಗಗಳ ಸುತ್ತ ಚಿತ್ರೀಕರಣವಾದ ‘ಎ ಪ್ಯಾಸೇಜ್ ಟು ಇಂಡಿಯಾ’ದಲ್ಲಿ (1984) ಪ್ರೊಫೆಸರ್ ಗೋಡಬೋಲೆಯೂ ಅವನೇ. ಆ ಹೊತ್ತಿಗೆ ಭಾರತದಲ್ಲಿ ನಟರ ಬರ ಇತ್ತೆಂದು ಯಾರೂ ಹೇಳಲಾರರು.

ಪ್ರೇಕ್ಷಕನ ಒಳಗೆ ನಡೆಯುವುದನ್ನು ಚೆನ್ನಾಗಿ ಹಿಡಿದವನು ಲೇಖಕ ಜೇಮ್ಸ್ ಬಾಲ್ಡ್‌ವಿನ್. ಕೌಬಾಯ್ ಚಿತ್ರಗಳಲ್ಲಿ ಇಂಡಿಯನ್ನರನ್ನು, ಅಂದರೆ ಅಮೆರಿಕದ ಮೂಲನಿವಾಸಿಗಳನ್ನು, ಹೊಡೆಯುವ ಗ್ಯಾರಿ ಕೂಪರನಿಗೆ ಚಪ್ಪಾಳೆ ತಟ್ಟುತ್ತ ಬೆಳೆದ ಕರಿಯ ಹುಡುಗನಿಗೆ, ಆ ಇಂಡಿಯನ್ನರು ತಾನೇ ಎಂದು ಒಂದು ದಿನ ಹೊಳೆಯುವ ಆಘಾತವನ್ನು ಅವನು 1965ರ ಕೇಂಬ್ರಿಜ್ ಚರ್ಚೆಯಲ್ಲಿ ವಿವರಿಸಿದ. ಚಿತ್ರಕಾರರಲ್ಲಿ ಕ್ಲಿಂಟ್ ಈಸ್ಟ್‌ವುಡ್ 2006ರಲ್ಲಿ ಒಂದೇ ಕದನವನ್ನು ಎರಡು ಸಲ ಚಿತ್ರಿಸಿದ: ‘ಫ್ಲ್ಯಾಗ್ಸ್ ಆಫ್ ಅವರ್ ಫಾದರ್ಸ್’ ಅಮೆರಿಕನ್ನರ ಕಡೆಯಿಂದ, ‘ಲೆಟರ್ಸ್ ಫ್ರಮ್ ಇವೊ ಜಿಮಾ’ ಜಪಾನಿಯರ ಕಡೆಯಿಂದ, ಬಹುಪಾಲು ಜಪಾನಿ ಭಾಷೆಯಲ್ಲೇ. ಎರಡನೆಯದರಲ್ಲಿ ಮುಖವಿಲ್ಲದವರು ಅಮೆರಿಕನ್ನರು. ಅದನ್ನು ನೋಡಿದ ಮೇಲೆ 1943ರ ಚಿತ್ರಗಳ ಕ್ಯಾಮೆರಾ ಎಲ್ಲಿ ನಿಂತಿತ್ತೆಂಬುದು ತಾನಾಗಿ ತಿಳಿಯುತ್ತದೆ.

ಭಾರತದ ನಂಟು

‘ಆಬ್ಜೆಕ್ಟಿವ್, ಬರ್ಮಾ!’ (1945) ಚಿತ್ರದಲ್ಲಿ ಎರಾಲ್ ಫ್ಲಿನ್ ಬೆರಳೆಣಿಕೆಯ ಅಮೆರಿಕನ್ನರೊಂದಿಗೆ ಬರ್ಮಾದಲ್ಲಿ ಕಾದಾಡುತ್ತಾನೆ. ತಮ್ಮ ಯುದ್ಧವನ್ನು ಅಮೆರಿಕನ್ನರು ಕದ್ದರೆಂದು ಬ್ರಿಟನ್ನಿನಲ್ಲಿ ಎದ್ದ ಗದ್ದಲಕ್ಕೆ ಚಿತ್ರ ವಾರದಲ್ಲೇ ಚಿತ್ರಮಂದಿರ ಬಿಟ್ಟಿತು. ಮತ್ತೆ ಬಂದದ್ದು 1952ರಲ್ಲಿ. ಬರ್ಮಾದಲ್ಲಿ ಹೋರಾಡಿದ ಹದಿನಾಲ್ಕನೆಯ ಸೇನೆಯ ಬಹುಪಾಲು ಸೈನಿಕರು ಭಾರತೀಯರೆಂಬುದು ಆ ಗದ್ದಲದಲ್ಲಿ ಮುಖ್ಯವಾಗಲಿಲ್ಲ. ಕ್ರಿಸ್ಟೋಫರ್ ನೋಲನ್ನನ ‘ಡನ್‌ಕರ್ಕ್’ (2017) ಬಂದಾಗಲೂ, ಆ ಕಡಲದಡದಲ್ಲಿದ್ದ ಭಾರತೀಯ ಹೇಸರಗತ್ತೆ ತುಕಡಿಗಳು ಚಿತ್ರದಲ್ಲಿ ಏಕಿಲ್ಲವೆಂಬ ಪ್ರಶ್ನೆ ಎದ್ದಿತು. ಮೊದಲ ಮಹಾಯುದ್ಧದ ವಿಷಯವೂ ಹೀಗೆಯೇ: 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಂದಿಗೆ ಹೈಫಾ ನಗರವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಅಶ್ವದಳ ಹೋರಾಡಿದ್ದು ‘ಲಾರೆನ್ಸ್ ಆಫ್ ಅರೇಬಿಯ’ ತೋರಿಸುವ ದಂಡಯಾತ್ರೆಯ ಕಾಲದಲ್ಲೇ. ಲಾರೆನ್ಸನ ಕಥೆಗೆ ಹೈಫಾ ಬೇಕಿಲ್ಲ ಎನ್ನಬಹುದು. ಆದರೆ ಆ ಚಿತ್ರವನ್ನೇ ಇತಿಹಾಸವೆಂದು ನಂಬಿ ಬೆಳೆದವರಿಗೆ ಪ್ಯಾಲೆಸ್ಟೈನಿನಲ್ಲಿ ಮೈಸೂರಿನ ಕುದುರೆಗಳಿದ್ದವೆಂಬುದೇ ಸೋಜಿಗವಾಗುತ್ತದೆ.

ನಮ್ಮದೇ ಯುದ್ಧಗಳ ಮಾತು ಬಂದಾಗ ಜಾಗ ಅದಲುಬದಲಾಗುತ್ತದೆ. ಜಪಾನಿ ನಾಗರಿಕರನ್ನು ಬ್ರಿಟಿಷರು ಕೂಡಿಟ್ಟಿದ್ದ ರಾಜಸ್ಥಾನದ ದೇವಲಿ ಶಿಬಿರಕ್ಕೆ 1962ರ ಭಾರತ–ಚೀನ ಯುದ್ಧದ ನಂತರ ಸ್ವತಂತ್ರ ಭಾರತದ ಸರ್ಕಾರ ಸುಮಾರು 3,000 ಚೀನೀ ಮೂಲದವರನ್ನು ರೈಲಿನಲ್ಲಿ ಸಾಗಿಸಿತು. ಅಸ್ಸಾಮಿನ ಮಾಕುಮ್, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆ ತಲೆಮಾರುಗಳಿಂದ ನೆಲೆಸಿದ್ದ ಬಡಗಿಗಳು, ಅಂಗಡಿಯವರು, ಶಾಲಾಮಕ್ಕಳು ಅವರಲ್ಲಿದ್ದರು. ಕೆಲವರು ಅಲ್ಲಿ ವರ್ಷಗಟ್ಟಲೆ ಉಳಿಯಬೇಕಾಯಿತು. ಅದೇ ಯುದ್ಧದ ಬಗ್ಗೆ ಚೇತನ್ ಆನಂದ್ ಮಾಡಿದ ‘ಹಕೀಕತ್’ (1964) ಇಂದಿಗೂ ಹಲವರ ನೆಚ್ಚಿನ ಚಿತ್ರ. ಮದನಮೋಹನ್ ಸಂಗೀತ, ಕೈಫಿ ಆಜ್ಮಿ ಸಾಹಿತ್ಯದ ಅದರ ಹಾಡುಗಳು ಪ್ರತಿ ಆಗಸ್ಟಿನಲ್ಲಿ ಕನ್ನಡದ ಊರುಗಳ ಧ್ವನಿವರ್ಧಕಗಳಲ್ಲೂ ಮೊಳಗುತ್ತವೆ. ಲಡಾಖಿನ ಹಿಮದಲ್ಲಿ ಒಬ್ಬೊಬ್ಬ ಭಾರತೀಯ ಸೈನಿಕನಿಗೂ ಮನೆ, ಪ್ರೇಮ, ಪತ್ರ ಇದೆ. ಬೆಟ್ಟದ ಮೇಲಿನಿಂದ ಇಳಿದುಬರುವವರು ಬರಿ ಗುಂಪು. ‘ಬಟಾನ್’ ಚಿತ್ರದ ವಿನ್ಯಾಸವೇ ಇಲ್ಲಿ ನಮ್ಮ ಕಡೆಯಿಂದ ನಿಂತಿದೆ, ಮತ್ತು ನಾವು ಅತ್ತದ್ದೂ ನಿಜ.

ಚೀನೀ ಮೂಲದ ಭಾರತೀಯರ ಮೇಲಿನ ಸಂಶಯವನ್ನು ದೊಡ್ಡ ಹಿಂದಿ ಚಿತ್ರವೊಂದು ಕಥೆಯೊಳಗೆ ತಂದದ್ದು 2017ರಲ್ಲಿ, ಕಬೀರ್ ಖಾನ್ ನಿರ್ದೇಶನದ ‘ಟ್ಯೂಬ್‌ಲೈಟ್’ನಲ್ಲಿ. 1962ರ ಹಿನ್ನೆಲೆಯ ಆ ಚಿತ್ರದಲ್ಲಿ ಮುಖ ನೋಡಿ ಶತ್ರುವೆನ್ನುವ ಊರಿನ ಜನರ ಮುಂದೆ ಒಬ್ಬ ತಾಯಿ, ಒಬ್ಬ ಬಾಲಕ ನಿಲ್ಲುತ್ತಾರೆ. ಬಾಲಕನ ಪಾತ್ರ ಮಾಡಿದವನು ಅರುಣಾಚಲ ಪ್ರದೇಶದ ಹುಡುಗ. ಮುಂಬಯಿಯಲ್ಲಿ ಚಿತ್ರದ ಪ್ರಚಾರಕ್ಕೆ ಬಂದಿದ್ದಾಗ ಪತ್ರಕರ್ತರೊಬ್ಬರು ಅವನನ್ನು, ಭಾರತಕ್ಕೆ ಇದೇ ಮೊದಲ ಸಲ ಬಂದದ್ದೇ ಎಂದು ಕೇಳಿದರು. ಇರುವುದೇ ಭಾರತದಲ್ಲಿ ಅಂದಮೇಲೆ ಮೊದಲ ಸಲ ಬರುವುದು ಹೇಗೆ ಎಂದು ಹುಡುಗ ತಿರುಗಿ ಕೇಳಿದ.